ನಾಲ್ಕು ಹಿತ್ತಾಳೆ ಗಾಲಿ, ಹದಿನೈದು ದಿನ

ಆ ರವಿವಾರ ಮಾಡಿದ ಕೆಲಸಗಳು ಇವು. ಬೆಳಗಿನ ಐದಕ್ಕೆ ನಳ ಬಂತು. ಎರಡು ಕೊಡ, ಒಂದು ಬ್ಯಾರಲ್ ತುಂಬಿದೆ. ಅಕ್ಕನ ಹಾಸಿಗೆ ಜಾಡಿಸಿದೆ, ಮುಖ ತೊಳೆಸಿದೆ, ತಲೆ ಬಾಚುವುದನ್ನು ಹೆಂಡತಿಗೆ ಬಿಟ್ಟೆ. ಅಕ್ಕನ ಲಿಂಗಪೂಜೆ ಆಯಿತು. ಲಿಂಗ ಅವಳ ಎಡ ಅಂಗೈಯಲ್ಲಿ. ವಿಭೂತಿ ಹಚ್ಚುವ, ಹೂವು ಏರಿಸುವ ಬಲಗೈಯ ಕೆಲಸ ನನ್ನದು. ಗುಳಿಗೆ ಕೊಟ್ಟೆ, ಒಂದು ಇಡಿ, ಒಂದು ಅರ್ಧ. ಜೋಳ ಹಸನು ಮಾಡಿ ಗಿರಣಿಗೆ ಒಯ್ದೆ. ಹಿತ್ತಲ ಖೋಲಿಯ ಬಾಗಿಲು ಕಿರುಗುಟ್ಟುತ್ತಿತ್ತು, ಎಣ್ಣೆ ಬಿಟ್ಟೆ. ಆಮೇಲೆ ಅದೇ ಖೋಲಿಯಲ್ಲಿ ಲೋಹ ಕಡೆಯುವ ಸಣ್ಣ ಲೇಥು ಯಂತ್ರಕ್ಕೆ ಹಿತ್ತಾಳೆಯ ಸರಳು ಕಟ್ಟಿ, ಮೊದಲನೆಯ ಗಾಲಿ ಕತ್ತರಿಸಲು ಹೋಗಿ ಟೂಲು ಮುರಿದುಕೊಂಡೆ.

ದಿನದ ಕೆಲಸಗಳನ್ನು ಹೀಗೆ ಬರೆದಿಡುವುದು ನನ್ನ ಹಳೆಯ ರೂಢಿ. ಹುನಗುಂದದ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಶಾಲೆ ನೋಡಿಕೊಳ್ಳುವ ಕೆಲಸ ನನ್ನದು. ಯಾವ ಉಪಕರಣ ಯಾವಾಗ ಕೆಟ್ಟಿತು, ಯಾರು ಸರಿ ಮಾಡಿದರು ಎಂದು ಬರೆದೂ ಬರೆದೂ ಮನೆಯದನ್ನೂ ಬರೆಯುವಂತಾಗಿದೆ. ಮುಂದಿನ ಹದಿನೈದು ದಿನಗಳ ವಿಷಯ ಹೇಳುವಾಗ ಆ ನೋಟುಪುಸ್ತಕ ಮಗ್ಗುಲಲ್ಲೇ ಇದೆ.

ಅಕ್ಕ ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಗಂಡ ತೀರಿದ ಮೇಲೆ ಇಳಕಲ್ಲಿನ ಈ ಮನೆಗೇ ಬಂದು, ಪಡಸಾಲೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತವಳು ನಲವತ್ತು ವರ್ಷ ಸೀರೆ ನೇಯ್ದಳು. ನನ್ನನ್ನು ಓದಿಸಿದ್ದು ಆ ಮಗ್ಗ. ಈ ವರ್ಷ ಯುಗಾದಿ ಕಳೆದು ಒಂದು ವಾರವಾಗಿರಬೇಕು, ನೇಯುತ್ತ ಕುಳಿತಾಗಲೇ ಅವಳಿಗೆ ಲಕ್ವ ಹೊಡೆಯಿತು. ನಾನು ಹುನಗುಂದದಲ್ಲಿದ್ದೆ. ಅಡುಗೆಮನೆಯಲ್ಲಿದ್ದ ಹೆಂಡತಿ ಮಗ್ಗ ನಿಂತದ್ದನ್ನು ಕೇಳಿ, ನೀರು ಕುಡಿಯಲು ನಿಲ್ಲಿಸಿರಬೇಕು ಅಂದುಕೊಂಡಳಂತೆ. ರೊಟ್ಟಿ ಒಂದನ್ನು ಬಡಿದು ಮುಗಿಸುವಷ್ಟು ಹೊತ್ತು ಹಾಗೇ ಅಂದುಕೊಂಡಿದ್ದಳು. ಆ ಒಂದು ರೊಟ್ಟಿಯ ಹೊತ್ತನ್ನು ಅವಳು ಇವತ್ತಿಗೂ ಮರೆತಿಲ್ಲ.

ಬಾಗಲಕೋಟೆಯ ದವಾಖಾನೆಯಲ್ಲಿ ಹನ್ನೊಂದು ದಿನ ಇದ್ದೆವು. ಬಲಗಾಲು ಬೇಗ ಸುಧಾರಿಸಿತು, ಆದರೆ ಅಂಗಾಲಿಗೆ ಸ್ಪರ್ಶ ಬರಲಿಲ್ಲ. ಬಲಗೈ ಬೆರಳು ಮಡಚುತ್ತಿದ್ದವು, ಹಿಡಿತ ಇರಲಿಲ್ಲ. ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಒಂದು ರಬ್ಬರಿನ ಚೆಂಡು ಕೊಟ್ಟಿದ್ದರು. ಎರಡನೆಯ ಸಲ ಹೋದಾಗ ಅಕ್ಕ ಆ ಚೆಂಡನ್ನು ಅವರ ಮೇಜಿನ ಮೇಲೆ ಇಟ್ಟು, “ಇದನ್ನ ಹಿಚಕಿ ಹಿಚಕಿ ನಾ ಏನ್ ಮಾಡ್ಲಿ? ಇದರಾಗೇನು ರಸ ಬರೂದಿಲ್ಲ” ಅಂದಳು. ಡಾಕ್ಟರಮ್ಮ ನಕ್ಕರು. ನನ್ನನ್ನು ಹೊರಗೆ ಕರೆದು, “ಕೈಗೆ ಗೊತ್ತಿರೋ ಕೆಲಸ ಯಾವುದಾದರೂ ಹಗರ ಮಾಡಿ ಕೊಡ್ರಿ. ಈ ತಿಂಗಳು ಭಾಳ ಮುಖ್ಯ. ಕೈ ಸುಮ್ನ ಮಲಗಿದ್ರ ಆಮ್ಯಾಲ ಏಳಾಂಗಿಲ್ಲ” ಅಂದರು.

ಅವಳ ಕೈಗೆ ಗೊತ್ತಿರುವುದು ಒಂದೇ ಕೆಲಸ. ಮಗ್ಗದಲ್ಲಿ ಬಲಗೈ ಹಗ್ಗ ಎಳೆಯುತ್ತದೆ, ಎಳೆದಾಗ ಲಾಳಿ ಈ ಬದಿಯಿಂದ ಆ ಬದಿಗೆ ಓಡುತ್ತದೆ. ಆ ಹಗ್ಗ ನಾಲ್ಕು ಕಡೆ, ನಡುವೆ ಸೀಳು ಬಿಟ್ಟ ಕಟ್ಟಿಗೆಯ ತುಂಡುಗಳಲ್ಲಿ, ಅಂದರೆ ಗಟ್ಟಿಗಳಲ್ಲಿ, ಸಣ್ಣ ಗಾಲಿಗಳ ಮೇಲೆ ಹೊರಳಬೇಕು. ಗಾಲಿಗಳು ಸವೆದುಹೋಗಿ ಎಷ್ಟೋ ವರ್ಷವಾಗಿತ್ತು. ಅಕ್ಕ ಅಲ್ಲಿ ಮೊಳೆ ಬಡಿದು, ಹಗ್ಗವನ್ನು ಮೊಳೆಯ ಮೇಲೆಯೇ ತಿಕ್ಕಿ ಎಳೆದು ನೇಯುತ್ತಿದ್ದಳು. ಗಟ್ಟಿಮುಟ್ಟಾದ ಕೈಗೆ ಅದು ಭಾರವೆನಿಸಿರಲಿಲ್ಲ. ಕಾಲೇಜಿನಿಂದ ಸ್ಪ್ರಿಂಗ್ ತಕ್ಕಡಿ ತಂದು ಹಗ್ಗಕ್ಕೆ ಸಿಕ್ಕಿಸಿ ಎಳೆದು ನೋಡಿದೆ. ಎರಡೂವರೆ ಕಿಲೋ ತೋರಿಸಿತು. ಅದೇ ತಕ್ಕಡಿಯನ್ನು ಅಕ್ಕನ ಕೈಗೆ ಕೊಟ್ಟೆ. ಒಂದು ಕಿಲೋಗೆ ಬರುವುದರೊಳಗೆ ಅವಳ ಕೈ ನಡುಗಿತು.

ಅಷ್ಟರಲ್ಲಿ ಅವಳಿಗೆ ನೂಲು ಕೊಟ್ಟು ಸೀರೆ ಒಯ್ಯುವ ಸಾವುಕಾರರು ಬಂದರು. ಕೆಟ್ಟ ಮನುಷ್ಯರಲ್ಲ, ದವಾಖಾನೆಗೂ ಬಂದು ಹೋಗಿದ್ದರು. ಪಡಸಾಲೆಯಲ್ಲಿ ಮಗ್ಗದ ಮೇಲೆ ಅರ್ಧಕ್ಕೆ ನಿಂತ ಸೀರೆಯನ್ನು, ಅದರ ಹಿಂದೆ ಚಾಚಿಕೊಂಡಿದ್ದ ಉದ್ದನೆಯ ಎಳೆಗಳ ಹಾಸನ್ನು ಬೆರಳಿನಿಂದ ಮುಟ್ಟಿ ನೋಡಿದರು. ಬೆರಳಿಗೆ ಧೂಳು ಹತ್ತಿತು.

“ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ಹಾಸು ಧೂಳ ಹಿಡ್ಯಾಕತ್ತೈತಿ. ನಾಳೆ ಇಲಿ ಕಡದ್ವು ಅಂದ್ರ ನಿಮಗೂ ಇಲ್ಲ, ನನಗೂ ಇಲ್ಲ. ಕೊಯ್ದು ಮತ್ತೊಬ್ರ ಮಗ್ಗಕ್ಕ ಹೊಂದಸ್ತೇನಿ.”

ಅಕ್ಕ ಗೋಡೆಯ ಕಡೆಗೆ ಮಗ್ಗುಲಾದಳು. ಹಾಸು ಕೊಯ್ದ ಮೇಲೆ ಆ ಮಗ್ಗ ಖಾಲಿ ಕಟ್ಟಿಗೆ. ಖಾಲಿ ಮಗ್ಗಕ್ಕೆ ಅವಳು ಮತ್ತೆ ಇಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

“ಹದಿನೈದು ದಿನ ತಡೀರಿ ಸಾವುಕಾರ್ರ,” ಅಂದೆ. “ಹಗ್ಗ ಹಗರ ಮಾಡಿ ಕೊಡ್ತೇನಿ. ಆಗ್ಲಿಲ್ಲಂದ್ರ ನಾನ ನಿಂತು ಕೊಯ್ಸಿ ಕೊಡ್ತೇನಿ.”

“ಆತು. ಮುಂದಿನದರ ಮುಂದಿನ ರವಿವಾರ ಬರ್ತೇನಿ,” ಎಂದು ಅವರು ಹೋದರು.

ಹೀಗೆ ನಾಲ್ಕು ಗಾಲಿಯ ಕೆಲಸ ನನ್ನ ಮೇಲೆ ಬಿತ್ತು. ಪೇಟೆಯಲ್ಲಿ ಸಿಗುವ ಗಾಲಿಗಳು ಆ ಕಟ್ಟಿಗೆಯ ಸೀಳಿಗೆ ಅಗಲವಾಗುತ್ತಿದ್ದವು. ಕಬ್ಬಿಣದ್ದು ಮಾಡಿದರೆ ತುಕ್ಕು ಉದುರಿ ಸೀರೆಗೆ ಕಲೆ. ಆದ್ದರಿಂದ, ಡಾಕ್ಟರಮ್ಮ ಹೇಳಿದ ದಿನ ಬಾಗಲಕೋಟೆಯಿಂದ ಬರುವಾಗಲೇ ಹೆಬ್ಬೆರಳಿಗಿಂತ ದಪ್ಪನೆಯ ಹಿತ್ತಾಳೆ ಸರಳು ತಂದಿದ್ದೆ. ಮೇಜಿನ ಮೇಲೆ ಕೂಡುವಷ್ಟು ಸಣ್ಣ ಲೇಥು ನನ್ನಲ್ಲಿದೆ. ಹವ್ಯಾಸಕ್ಕೆಂದು ಕೊಂಡದ್ದು, ಹೊಲಿಗೆ ಯಂತ್ರದ ಗುಂಡಿ, ಕಾಲೇಜಿನ ಲೋಲಕದ ಗುಂಡು, ಇಂಥವನ್ನು ಅದರಲ್ಲಿ ಮಾಡಿಕೊಂಡು ಬಂದವನು. ಸರಳನ್ನು ತಿರುಗುವ ಹಿಡಿಗೆ ಕಟ್ಟಿ, ನಡುವೆ ತೂತು ಕೊರೆದು, ಮೈಮೇಲೆ ಹಗ್ಗ ಕೂಡುವ ಸಣ್ಣ ಕಾಲುವೆ ತೋಡುವವರೆಗೆ ಯಾವ ತೊಂದರೆಯೂ ಇಲ್ಲ. ತೊಂದರೆ ಕೊನೆಯದರಲ್ಲಿ. ತಯಾರಾದ ಗಾಲಿಯನ್ನು ಸರಳಿನಿಂದ ಬೇರೆ ಮಾಡಬೇಕಲ್ಲ, ಅದಕ್ಕೆ ಪಾರ್ಟಿಂಗ್ ಟೂಲು ಎಂದು ತೆಳ್ಳನೆಯ, ಉದ್ದನೆಯ ಉಳಿ ಇರುತ್ತದೆ. ತಿರುಗುವ ಸರಳಿಗೆ ಅದನ್ನು ನೇರವಾಗಿ ಒತ್ತುತ್ತ ಹೋಗಬೇಕು. ಅದು ಮೈಯೊಳಗೆ ಸಂದು ಕೊರೆಯುತ್ತ ಇಳಿಯುತ್ತದೆ. ನಡುವಿನ ತೂತು ಮುಟ್ಟಿದಾಗ ಗಾಲಿ ಕಳಚಿ ಬೀಳುತ್ತದೆ. ಸಣ್ಣ ಲೇಥಿನಲ್ಲಿ ಇದಕ್ಕಿಂತ ಕಠಿಣ ಕೆಲಸ ಇನ್ನೊಂದಿಲ್ಲ. ಉಳಿ ತೆಳ್ಳಗೆ, ಸಂದು ಇಕ್ಕಟ್ಟು, ಯಂತ್ರ ಹಗುರ.

ಲೇಥು ನಿಂತಿದ್ದು ಒಂದು ಗ್ರ್ಯಾನೈಟ್ ಹಾಸುಗಲ್ಲಿನ ಮೇಲೆ. ನಮ್ಮೂರಲ್ಲಿ ಕಲ್ಲಿಗೇನು ಬರ? ಪಾಲಿಶ್ ಮಾಡುವಲ್ಲಿ ಮೂಲೆ ಒಡೆದದ್ದನ್ನು ಕೇಳಿದರೆ ಕೊಡುತ್ತಾರೆ. ಆ ಕಲ್ಲಿನ ಕೆಳಗೆ, ಅಕ್ಕ ದವಾಖಾನೆಯಿಂದ ಬಂದ ದಿನವೇ, ಹಳೆಯ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದೆ. ಲೇಥಿನ ಗದ್ದಲ ನಡುಮನೆಯಲ್ಲಿ ಮಲಗಿದ ಅಕ್ಕನಿಗೆ ಹೋಗಬಾರದೆಂದು. ನಾವು ಇಡೀ ಮನೆಯನ್ನೇ ಹಾಗೆ ಮಾಡಿದ್ದೆವು. ಟಿ.ವಿ. ಬಂದ್. ಕುಕ್ಕರನ್ನು ಹಿತ್ತಲಿಗೆ ಒಯ್ದು ಸೀಟಿ ಹಾಕಿಸುತ್ತಿದ್ದಳು ಹೆಂಡತಿ. ರೊಟ್ಟಿಯನ್ನು ಬಡಿಯದೆ ಲಟ್ಟಿಸುತ್ತಿದ್ದಳು. ನೋಡಲು ಬಂದವರು ಬಾಗಿಲಲ್ಲೇ ದನಿ ಇಳಿಸುತ್ತಿದ್ದರು.

ಮೊದಲ ರವಿವಾರ ಉಳಿ ಎರಡು ಮಿಲಿಮೀಟರು ಇಳಿದಿತ್ತೋ ಇಲ್ಲವೋ, ಲೇಥು ಗಡಗಡ ನಡುಗಿತು. ಸಂದಿನ ಗೋಡೆ ಅಲೆಅಲೆಯಾಯಿತು. ನಿಲ್ಲಿಸೋಣ ಎನ್ನುವಷ್ಟರಲ್ಲಿ ಹಿತ್ತಾಳೆ ಉಳಿಯನ್ನು ತನ್ನೊಳಗೆ ಎಳೆದುಕೊಂಡಿತು. ಟಕ್ ಎಂದು ಮುರಿದ ಚೂರು ನನ್ನ ಕನ್ನಡಕಕ್ಕೆ ಬಡಿದು ಬಿತ್ತು. ಇದ್ದದ್ದು ಮೂರು ಉಳಿ, ಉಳಿದದ್ದು ಎರಡು.

ಆ ವಾರ ದಿನಾಲೂ ಸಂಜೆ ಹುನಗುಂದದ ಬಸ್ಸಿಳಿದು ಬಂದು, ಚಹಾ ಕುಡಿದು, ಒಂದೊಂದನ್ನೇ ಬದಲಿಸಿ ನೋಡಿದೆ. ಸೋಮವಾರ ವೇಗ ಕಡಿಮೆ ಮಾಡಿದೆ. ನಡುಕ ನಿಧಾನವಾಯಿತು, ಹೋಗಲಿಲ್ಲ. ಮಂಗಳವಾರ ಉಳಿಯ ತುದಿ ಸರಳಿನ ನಟ್ಟನಡುವಿನ ಎತ್ತರಕ್ಕೆ ಇದೆಯೋ ಇಲ್ಲವೋ ನೋಡಿದೆ. ಕೂದಲೆಳೆಯಷ್ಟು ಕೆಳಗಿತ್ತು, ಅಡಿಗೆ ತಗಡಿನ ಚೂರು ಇಟ್ಟು ಸರಿಮಾಡಿದೆ. ಸ್ವಲ್ಪ ಗುಣ ಕಂಡಿತು. ಬುಧವಾರ ಎಣ್ಣೆ ಹೆಚ್ಚು ಬಿಟ್ಟೆ. ಎಣ್ಣೆ ನನ್ನ ಅಂಗಿಗೆ ಸಿಡಿಯಿತು, ಅಷ್ಟೇ. ಬೇಸತ್ತು ಗರಗಸದಿಂದ ಒಂದನ್ನು ಕೊಯ್ದೆ. ಮುಖ ಓರೆಯಾಯಿತು. ಅದನ್ನು ಗಟ್ಟಿಯಲ್ಲಿ ಕೂಡಿಸಿ ತಿರುಗಿಸಿದರೆ ಕುಂಟುತ್ತ ತಿರುಗಿ ಹಗ್ಗವನ್ನು ಹೊರಗೆ ಒಗೆಯಿತು. ಗುರುವಾರ ಎರಡನೆಯ ಉಳಿ ಮುರಿಯಿತು.

ಅವತ್ತು ಹೆಂಡತಿ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹಿತ್ತಾಳೆ ಸೂಜಿ ಸೂಜಿಯಾಗಿ ಉದುರುತ್ತದೆ, ನೆಲಕ್ಕೆ ಹರಡುತ್ತದೆ.

“ಏನ್ರಿ, ಇವು ನಡುಮನಿ ಮಟ ಬಂದಾವ. ನನ್ನ ಕಾಲಿಗೆ ಚುಚ್ಚಿದ್ರ ಹಾಯ್ ಅಂತೇನಿ, ತೆಗೀತೇನಿ. ಅಕ್ಕಾರ ಕಾಲಿಗೆ ಚುಚ್ಚಿದ್ದು ಅವರಿಗೆ ಗೊತ್ತರ ಆಗತೈತೇನು?”

ಕಸಬರಿಗೆ ಇಸಿದುಕೊಂಡು ನಾನೇ ಗುಡಿಸಿದೆ. ಒದ್ದೆ ಅರಿವೆಯಿಂದ ಎರಡು ಸಲ ಒರೆಸಿದೆ. ಆಮೇಲೆ ಅಕ್ಕನ ಅಂಗಾಲನ್ನು ಬ್ಯಾಟರಿ ಹಾಕಿ ನೋಡಿದೆ. ಏನೂ ಇರಲಿಲ್ಲ.

“ಏನ ಹುಡುಕ್ತಿ?” ಅಂದಳು.

“ಏನಿಲ್ಲ ಬಿಡಕ್ಕಾ.”

“ಮೂರನೇದೂ ಮುರದ್ಯೇನು?”

“ಇಲ್ಲ. ಎರಡನೇದು.”

“ಹಂಗಾದ್ರ ಇನ್ನೂ ಒಂದೈತಿ,” ಎಂದು ಕಣ್ಣು ಮುಚ್ಚಿದಳು.

ಎರಡನೆಯ ರವಿವಾರ ಬಾದಾಮಿಗೆ ಹೋದೆ. ನನಗೆ ಲೇಥಿನ ಕೆಲಸ ಕಲಿಸಿದ ಉಸ್ತಾದರು ಅಲ್ಲಿದ್ದಾರೆ. ಪಂಪಿನ ಭಾಗ ತಿರುಗಿಸಿ ಕೊಡುವ ಅಂಗಡಿ ಈಗ ಮಗ ನಡೆಸುತ್ತಾನೆ. ಅವರು ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು ಯಾರು ಏನು ಕೆಡಿಸುತ್ತಾರೆ ನೋಡುತ್ತಿರುತ್ತಾರೆ. ಮುರಿದ ಎರಡು, ಮುರಿಯದ ಒಂದು, ಮೂರನ್ನೂ ಕಾಗದದಲ್ಲಿ ಸುತ್ತಿ ಒಯ್ದಿದ್ದೆ. ಅವರು ಮುರಿಯದ ಉಳಿಯ ನೆತ್ತಿಯ ಮೇಲೆ ಹೆಬ್ಬೆರಳು ಎಳೆದರು.

“ಯಾರು ಕಲಿಸಿದರ್ರೀ ನಿಮಗ ಹಿಂಗ ಮಸೀಲಿಕ್ಕೆ?”

“ನೀವ ಕಲಿಸಿದ್ರಿ.”

“ತೌಬಾ! ನಾ ಕಬ್ಬಿಣಕ್ಕ ಕಲಿಸಿದ್ದೆ. ಇದು ಪಿತ್ತಾಳಿ. ಕಬ್ಬಿಣಕ್ಕ ನೆತ್ತಿ ಹಿಂದಕ್ಕ ಇಳಿಜಾರು ಬೇಕು, ಪಿತ್ತಾಳಿಗೆ ಸಪಾಟ ಬೇಕು. ಇಳಿಜಾರು ಕೊಟ್ರ ಅದು ಟೂಲನ್ನ ಕೈ ಹಿಡಿದು ಒಳಗ ಕರಕೊಂಡು ಹೋಗತದ. ಮತ್ತ ಎಷ್ಟು ಹೊರಗ ಚಾಚಿ ಕಟ್ಟಿದ್ರಿ?”

ಬೆರಳಿನಿಂದ ತೋರಿಸಿದೆ.

“ಅಷ್ಟ್ಯಾಕ? ಸರಳಿನ ಅರ್ಧಕ್ಕ ಮುಟ್ಟೂವಷ್ಟ ಇದ್ರ ಸಾಕು. ನೋಡೋ, ಮಾಸ್ತರ್ರು ಕಾಲೇಜಿನಾಗಿದ್ದೂ ಇಷ್ಟ ತಿಳೀಲಿಲ್ಲ,” ಎಂದು ಮಗನಿಗೆ ಹೇಳಿ ನಕ್ಕರು. ನಾನು ಮಾಸ್ತರನಲ್ಲವೆಂದು ಎಷ್ಟು ಸಲ ಹೇಳಿದರೂ ಅವರು ಹಾಗೆಯೇ ಕರೆಯುತ್ತಾರೆ. ಆಮೇಲೆ ತಾವೇ ಎದ್ದು ಮಸೆಕಲ್ಲಿಗೆ ಹೋದರು. ಅವರ ಕೈಯೂ ನಡುಗುತ್ತದೆ ಈಗ, ವಯಸ್ಸಿಗೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಮಸೆದರು, ಆಗ ನಡುಗಲಿಲ್ಲ. ಯಾರಿಗೆ ಈ ಗಾಲಿ ಎಂದು ಕೇಳಿದರು. ಹೇಳಿದೆ. ಉಳಿಯನ್ನು ಅದೇ ಕಾಗದದಲ್ಲಿ ಸುತ್ತಿ ಕೊಟ್ಟು, “ಅಕ್ಕಗ ಸಲಾಂ ಹೇಳ್ರಿ” ಅಂದರು.

ಸೋಮವಾರ ಸಂಜೆ ಕಟ್ಟಿ ನೋಡಿದೆ. ಖರೆ, ಹಿತ್ತಾಳೆ ಈಗ ಉಳಿಯನ್ನು ಎಳೆದುಕೊಳ್ಳಲಿಲ್ಲ. ಆದರೆ ಅರ್ಧದವರೆಗೆ ಇಳಿದ ಮೇಲೆ ಅದೇ ನಡುಕ. ಕೊನೆಯ ಉಳಿ. ಗಾಬರಿಯಾಗಿ ಲೇಥು ನಿಲ್ಲಿಸಿದೆ. ಉಳಿದದ್ದು ಆರು ದಿನ.

“ತಮ್ಮಾ!”

ನಡುಮನೆಯಿಂದ ಅಕ್ಕ. ದವಾಖಾನೆಯಿಂದ ಬಂದ ಮೇಲೆ ಅಷ್ಟು ದೊಡ್ಡ ದನಿಯಲ್ಲಿ ಅವಳು ಕರೆದದ್ದು ಅದೇ ಮೊದಲು. ಓಡಿದೆ. ಎದ್ದು ಗೋಡೆಗೆ ಆತು ಕುಳಿತಿದ್ದಳು.

“ಯಾಕ ನಿಲ್ಲಿಸಿದಿ? ಮತ್ತೊಮ್ಮೆ ಹಚ್ಚು.”

“ಮುರೀತದಕ್ಕಾ. ಇದ ಕಡೀದು.”

“ಉಳಿ ಮುಟ್ಟಸಬ್ಯಾಡ. ಬರೇ ತಿರುಗಸು. ಆಮ್ಯಾಲ ಒಂದೀಟ ಮುಟ್ಟಸು. ಕೇಳ್ತೇನಿ.”

ಹಾಗೆಯೇ ಮಾಡಿದೆ. ಎರಡು ಸಲ ಮಾಡಿದೆ. ಮತ್ತೆ ಹೋಗಿ ಅವಳ ಹತ್ತಿರ ಕುಳಿತೆ.

“ಹೋದವಾರ ಎರಡು ಸಪ್ಪಳ ಇದ್ವು,” ಅಂದಳು. “ಒಂದು ಕಚ್ಚೂದು, ಒಂದು ನಡಗೂದು. ಬಾದಾಮಿಗೆ ಹೋಗಿ ಬಂದಿ, ಕಚ್ಚೂದು ಹೋತು. ನಡಗೂದು ಹಂಗ ಐತಿ. ಅದು ಟೂಲಿಂದಲ್ಲ, ಬುಡದಿಂದ ಬರಾಕತ್ತೈತಿ. ಮಗ್ಗದ ಗೂಟ ಸಡಲಾದ್ರ ಹಿಂಗ ಸಪ್ಪಳ ಬರತೈತಿ. ಬುಡಕ್ಕ ಏನ ಹಾಕೀದಿ?”

“ಕಲ್ಲು.”

“ಕಲ್ಲಿನ ಬುಡಕ್ಕ?”

ಹೇಳಲು ನಾಚಿಕೆಯಾಯಿತು. “ಕೌದಿ.”

“ಕೌದಿ?”

“ನಿನಗ ಸಪ್ಪಳಾಗ್ತದಂತ...”

ಅಕ್ಕ ನನ್ನನ್ನೇ ನೋಡಿದಳು. ಹೆಂಡತಿಯೂ ಬಾಗಿಲಿಗೆ ಬಂದಿದ್ದಳು. “ನಲವತ್ತು ವರ್ಷ ಮಗ್ಗದ ಮುಂದ ಕುಂತಾಕಿಗೆ ಸಪ್ಪಳಾಗ್ತದಂತ ಕೌದಿ ಹಾಸೀಯೇನೋ? ಹುಚ್ಚಪ್ಯಾಲಿ!” ಎಂದು ನಗಲು ಹೋದಳು, ಬಾಯಿ ಇನ್ನೂ ಒಂದು ಕಡೆಗೆ ಎಳೆಯುತ್ತಿದ್ದುದರಿಂದ ನಗು ಅರ್ಧವೇ ಆಯಿತು. ಆಮೇಲೆ ನಗಲಿಲ್ಲ. “ನಾ ಸತ್ತೇನೇನು? ಮನ್ಯಾಗ ಯಾರೂ ಮಾತಾಡಂಗಿಲ್ಲ, ರೊಟ್ಟಿ ಬಡ್ಯಾಂಗಿಲ್ಲ, ಹೆಣ ಇಟ್ಟವರಂಗ ಅಡ್ಡಾಡ್ತೀರಿ. ದವಾಖಾನ್ಯಾಗ ಹಗಲೂರಾತ್ರಿ ಗದ್ದಲ ಇತ್ತು, ಅಲ್ಲೇ ಚೊಲೋ ಇದ್ದೆ.”

“ನಿಮಗ ತ್ರಾಸಾಗಬಾರದಂತ ಅಕ್ಕಾರ...” ಎಂದಳು ಹೆಂಡತಿ.

“ಗೊತ್ತೈತೆವ್ವಾ, ಗೊತ್ತೈತಿ. ನಿನಗ ಬೈಯಾಕತ್ತಿಲ್ಲ.” ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. “ಅವತ್ತ ಮಗ್ಗದಾಗ ಕುಂತಾಗ ನನಗ ಮೊದಲ ಗೊತ್ತಾದದ್ದು ಸಪ್ಪಳ ನಿಂತದ್ದು. ಯಾಕ ನಿಂತು, ಯಾಕ ನಿಂತು ಅಂತ ನೋಡೀನಿ. ಕೈ ಬಿದ್ದದ್ದು ಆಮ್ಯಾಲ ಗೊತ್ತಾತು.”

ಹೆಂಡತಿ ಒಳಗೆ ಹೋದಳು. ಒಂದು ತಾಸಿನ ಮೇಲೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂತು, ಮೊದಲು ಅಳುಕುತ್ತ, ಆಮೇಲೆ ಎಂದಿನಂತೆ.

ಮಂಗಳವಾರ ಕಾಲೇಜಿಗೆ ರಜೆ ಹಾಕಿದೆ. ಕೌದಿ ತೆಗೆದು ಕೊಡವಿ ಬಿಸಿಲಿಗೆ ಹಾಕಿದೆ. ಕಲ್ಲನ್ನು ಪಾಲಿಶ್ ಮಾಡುವಲ್ಲಿಗೆ ಒಯ್ದು ನಾಲ್ಕು ತೂತು ಕೊರೆಸಿದೆ. ಅಲ್ಲಿಯವರೆಗೆ ಲೇಥು ತನ್ನ ತೂಕದ ಮೇಲೆ ಸುಮ್ಮನೆ ಕುಳಿತಿತ್ತು, ಕಟ್ಟಿರಲೇ ಇಲ್ಲ. ಹಿತ್ತಲ ಖೋಲಿಯಲ್ಲಿ ಹಿಂದೆ ನೀರಿನ ಕೊಡ ಇಡುತ್ತಿದ್ದ ಕಲ್ಲಿನ ಕಟ್ಟೆ ಇದೆ. ಕೊಡಗಳನ್ನು ಇಳಿಸಿ, ಕಟ್ಟೆಯ ಮೇಲೆ ಸಿಮೆಂಟು ಕಲಸಿ ಹಾಕಿ, ಹಾಸುಗಲ್ಲನ್ನು ಅದರ ಮೇಲೆ ಕೂಡಿಸಿದೆ. ಅಕ್ಕನನ್ನು ಕುರ್ಚಿ ಸಮೇತ ಬಾಗಿಲಿಗೆ ತಂದಿದ್ದೆವು. ಅವಳು ಅಲ್ಲಿಂದಲೇ ಹೇಳಿಕೊಡುತ್ತಿದ್ದಳು.

“ಮಗ್ಗದ ಗೂಟ ಯಾಕ ನೆಲದಾಗ ಹುಗೀತಾರ ಅಂದ್ಕೊಂಡೀದಿ? ಛಂದ ಕಾಣಲಿ ಅಂತಲ್ಲ. ಆ ಮೂಲಿಗೆ ಇನ್ನೀಟ ಹಾಕು. ಅಲ್ಲಲ್ಲ, ಒಡದ ಮೂಲಿಗೆ.”

“ಹಾಕೇನಲ್ಲಕ್ಕಾ.”

“ಬಡದು ನೋಡು. ಟಣ್ ಅಂದ್ರ ಖಾಲಿ ಐತಿ ಅಂತ.”

ಬಡಿದೆ. ಟಣ್ ಅಂದಿತು. ಇನ್ನಷ್ಟು ಹಾಕಿದೆ.

ಸಿಮೆಂಟು ಬಲಿಯಲು ಬುಧವಾರ, ಗುರುವಾರ ಬಿಡಬೇಕಾಯಿತು. ಆ ಎರಡು ದಿನ ಕೈ ಕಟ್ಟಿ ಕುಳಿತದ್ದು ಮೊದಲ ವಾರದ ಮುರಿತಗಳಿಗಿಂತ ಕಷ್ಟವಾಯಿತು. ಸುಮ್ಮನಿರಲಾರದೆ ಉಳಿ ಹಿಡಿಯುವ ಜಾರುಪಟ್ಟಿಯನ್ನು ಕೈಯಿಂದ ಅಲ್ಲಾಡಿಸಿ ನೋಡಿದೆ. ಅಲ್ಲಿಯೂ ತುಸು ಸಡಿಲ. ಅದರ ಮಗ್ಗುಲಿನ ಮೂರು ಸಣ್ಣ ತಿರುಪುಗಳನ್ನು ಒಂದೊಂದಾಗಿ, ಜಾರಬೇಕು ಆದರೆ ಅಲ್ಲಾಡಬಾರದು ಅನ್ನುವಷ್ಟು ಬಿಗಿ ಮಾಡಿದೆ. ಗುರುವಾರ ಸಿಮೆಂಟಿಗೆ ನೀರು ಹೊಡೆಯುವಾಗ ಅಕ್ಕ ಅಂದಳು, “ಸಾವುಕಾರ್ರು ಬಂದು ಕೊಯ್ಯೂ ಮುಂದ ನನ್ನ ಒಳಗ ಮಲಗಸ್ರಿ. ನೋಡಾಕ ಬ್ಯಾಡ ನನಗ.” ಅಳಲಿಲ್ಲ. ನಾಳೆ ಬಟ್ಟೆ ಒಗೆಯಬೇಕು ಅನ್ನುವ ಹಾಗೆ ಹೇಳಿದಳು.

ಶುಕ್ರವಾರ ಸಂಜೆ ಲೇಥನ್ನು ಕಲ್ಲಿಗೆ ಬಿಗಿದು, ಸರಳನ್ನು ಹಿಡಿಯ ಬಾಯಿಗೆ ಆದಷ್ಟು ಹತ್ತಿರ ಕಟ್ಟಿ, ಉಳಿಯನ್ನು ಉಸ್ತಾದರು ಹೇಳಿದಷ್ಟೇ ಚಾಚಿ, ನಿಧಾನದ ವೇಗಕ್ಕೆ ಇಟ್ಟೆ. ಗುಂಡಿ ಒತ್ತಿದಾಗ ಮನೆ ತುಂಬ ಗದ್ದಲ. ಕಲ್ಲು, ಕಟ್ಟೆ, ಗೋಡೆ ಎಲ್ಲವೂ ಸೇರಿ ಗುಂಯ್ ಅಂದವು. ಉಳಿ ಮುಟ್ಟಿಸಿದೆ. ಸರ್ ಎನ್ನುವ ಒಂದೇ ಸಮನೆಯ ದನಿ ಬಂತು, ಅಕ್ಕಿ ಸೋಸುವಾಗ ಬರುವಂಥದು. ನಡುಗಲಿಲ್ಲ. ಹಿಂದೆಲ್ಲ ಹೆದರಿ ಹೆದರಿ ಮುಟ್ಟಿಸಿ ಬಿಡುತ್ತಿದ್ದೆ. ಹಾಗೆ ಬಿಟ್ಟಾಗಲೇ ಉಳಿ ಬರೀ ಉಜ್ಜಿ ನಡುಕಕ್ಕೆ ದಾರಿ ಮಾಡುತ್ತಿತ್ತು. ಈ ಸಲ ಕೈ ಬಿಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಅರ್ಧ ದಾಟಿತು. ಹಿತ್ತಾಳೆಯ ಪುಡಿ ಬಂಗಾರದ ಜೋಳದ ನುಚ್ಚಿನ ಹಾಗೆ ತಟ್ಟೆಯಲ್ಲಿ ಬೀಳುತ್ತಿತ್ತು. ದನಿ ಸ್ವಲ್ಪ ತೆಳುವಾಯಿತು.

“ಬಂತು,” ಎಂದಳು ಅಕ್ಕ ಒಳಗಿನಿಂದ.

ಗಾಲಿ ಕಳಚಿ ತಟ್ಟೆಗೆ ಬಿತ್ತು.

ಬಿಸಿಯಾಗಿತ್ತು. ಅಂಗಿಯ ಚುಂಗಿನಲ್ಲಿ ಹಿಡಿದು ಒಯ್ದು ಅಕ್ಕನ ಎಡಗೈಗೆ ಕೊಟ್ಟೆ. ಅವಳು ಅದನ್ನು ಬಲಗೈಗೆ ದಾಟಿಸಿಕೊಂಡಳು, ಎರಡು ಬೆರಳಲ್ಲಿ ಹಿಡಿಯಲು ನೋಡಿದಳು, ಬಿತ್ತು. ಹೆಂಡತಿ ಎತ್ತಿ ಕೊಟ್ಟಳು. ಮತ್ತೆ ಬಿತ್ತು. ಮೂರನೆಯ ಸಲ ನಿಂತಿತು.

ಉಳಿದ ಮೂರನ್ನು ಶನಿವಾರ ಮುಗಿಸಿದೆ. ಮೂರನೆಯದರಲ್ಲಿ ಒಮ್ಮೆ ನಡುಗಿತು. ಸಂದಿನಲ್ಲಿ ಪುಡಿ ತುಂಬಿಕೊಂಡಿತ್ತು. ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ತೆಗೆದೆ, ಸರಿಹೋಯಿತು. ಹಳೆಯ ಮೊಳೆ ಕಿತ್ತು, ನಾಲ್ಕೂ ಗಟ್ಟಿಗಳಲ್ಲಿ ಗಾಲಿ ಕೂಡಿಸಿ, ಹೊಸ ಹಗ್ಗ ಪೋಣಿಸಿ, ತಕ್ಕಡಿ ಸಿಕ್ಕಿಸಿದೆ. ಮುಕ್ಕಾಲು ಕಿಲೋ.

ಮಾತು ಕೊಟ್ಟ ರವಿವಾರ ಬಂತು. ಬೆಳಗ್ಗೆ ಪೂಜೆ, ಗುಳಿಗೆ ಆದ ಮೇಲೆ ಹಾಸಿನ ಧೂಳನ್ನು ಹೆಂಡತಿ ಮೆತ್ತನೆಯ ಅರಿವೆಯಿಂದ ಒರೆಸಿದಳು. ಇಬ್ಬರೂ ಸೇರಿ ಅಕ್ಕನನ್ನು ಮಗ್ಗದ ಕುಣಿಗೆ ಇಳಿಸಿದೆವು. ಎಡಗಾಲು ಕೆಳಗಿನ ತುಳಿಯುವ ಪಟ್ಟಿಯನ್ನು ತಾನೇ ಹುಡುಕಿಕೊಂಡಿತು. ಬಲಗಾಲನ್ನು ನಾನು ಕುಣಿಯಲ್ಲಿ ಬಗ್ಗಿ ಅದರ ಮೇಲೆ ಇಟ್ಟೆ. ಬಲಗೈಯನ್ನು ಹಗ್ಗದ ಹಿಡಿಗೆ ಕೊಟ್ಟಳು. ಬೆರಳು ಸುತ್ತಿಕೊಳ್ಳಲು ಹೊತ್ತು ಹಿಡಿಯಿತು. ಎಳೆದಳು. ಲಾಳಿ ಅರ್ಧ ದಾರಿಗೆ ಹೋಗಿ ನಿಂತಿತು. ಎಡಗೈಯಿಂದ ಲಾಳಿಯನ್ನು ಹಿಂದಕ್ಕೆ ತಂದು ಮತ್ತೆ ಎಳೆದಳು. ಆ ಬದಿಯ ಲಾಳಿಪೆಟ್ಟಿಗೆಗೆ ಬಡಿಯಿತು: ಟಕ್. ಎಡಗೈಯಿಂದ, ಎಳೆ ಬಿಗಿ ಮಾಡುವ ಹಲಗೆ ಬಡಿದಳು. ತುಳಿದಳು. ಎಳೆದಳು. ಟಕ್.

ಹೆಂಡತಿ ಸೆರಗು ಬಾಯಿಗೆ ಹಿಡಿದು ಅಡುಗೆಮನೆಗೆ ಹೋಗಿಬಿಟ್ಟಳು.

ಹತ್ತು ಎಳೆ, ವಿಶ್ರಾಂತಿ. ಎಂಟು ಎಳೆ, ವಿಶ್ರಾಂತಿ. ಮಧ್ಯಾಹ್ನ ಮಲಗಿ ಎದ್ದು ಮತ್ತೆ ಇಳಿದಳು. ಸಾವುಕಾರರು ನಾಲ್ಕಕ್ಕೆ ಬಂದಾಗ ಎರಡು ಬೆರಳಗಲ ನೇಯ್ಗೆ ಆಗಿತ್ತು. ಅವರ ಜೊತೆ ಹಾಸು ಸುತ್ತಿ ಒಯ್ಯಲು ಒಂದು ಕೋಲು, ಒಂದು ಬಿಳಿ ಅರಿವೆ ಇದ್ದವು. ಬಾಗಿಲಲ್ಲೇ ನಿಂತು ಸದ್ದು ಕೇಳಿದರು. ಕೋಲನ್ನು ಹೊರಗೆ ಗೋಡೆಗೆ ಆನಿಸಿ ಒಳಗೆ ಬಂದರು. ಚಪ್ಪಲಿ ಬಿಟ್ಟು ಮಗ್ಗದ ಬದಿಗೆ ಕುಳಿತು, ಆ ಎರಡು ಬೆರಳಗಲವನ್ನು ಹೆಬ್ಬೆರಳಿನಿಂದ ಸವರಿದರು. ಹಳೆಯ ನೇಯ್ಗೆಯಿಂದ ಹೊಸದಕ್ಕೆ ಬಂದಾಗ ಹೆಬ್ಬೆರಳು ನಿಂತಿತು.

“ಅಕ್ಕಾರ, ಸುಳ್ಳ ಹೇಳಾಂಗಿಲ್ಲ. ಇಲ್ಲೊಂದು ಗೆರಿ ಕಾಣಸ್ತೈತ್ರಿ. ಹಿಂದಿಂದು ಬಿಗಿ ಐತಿ, ಇದು ಸಡಲ ಐತಿ.”

“ಕಾಣಸ್ತೈತಿ,” ಎಂದಳು ಅಕ್ಕ. “ನನಗೂ ಕಾಣಸ್ತೈತಿ.”

“ಅಂಗಡ್ಯಾಗ ಇದನ್ನ ಇಡಾಕ ಬರಾಂಗಿಲ್ರಿ.”

“ಇಡಬ್ಯಾಡ್ರಿ. ಇದರ ನೂಲು ನಿಮ್ಮದು, ಅದರ ರೊಕ್ಕ ನಾ ಹೊಳ್ಳಿ ಕೊಡ್ತೇನಿ. ಮುಂದಿನ ಹಾಸಿನಾಗ ಗೆರಿ ಬರಬಾರದು. ಅದಕ್ಕ ಇದನ್ನ ಪೂರಾ ಮಾಡಬೇಕು. ಇದು ಕೈ ಕಲ್ಯೂ ಸೀರಿ.”

ಸಾವುಕಾರರು ನನ್ನ ಕಡೆ ನೋಡಿದರು. ಇನ್ನೂ ಎಷ್ಟು ಉಳಿದಿದೆ ಎಂದು ಅವರು ಹಾಸಿನ ಉದ್ದಕ್ಕೂ ಕಣ್ಣು ಹಾಯಿಸಿದರು. ಈ ವೇಗದಲ್ಲಿ ಅದು ದೀಪಾವಳಿ ದಾಟಬಹುದು, ಇನ್ನೂ ಆಚೆಗೂ ಹೋಗಬಹುದು. ಮುಂದಿನ ಹಾಸು ಬರುತ್ತದೋ ಇಲ್ಲವೋ ನಮಗಾರಿಗೂ ಗೊತ್ತಿರಲಿಲ್ಲ. ಅವರು ಎದ್ದು, “ನೂಲು ನೀವ ಇಟ್ಕೊಳ್ರಿ. ಇಲಿ ನೋಡ್ಕೊಳ್ರಿ ಅಷ್ಟ,” ಅಂದರು. ಚಹಾ ಕುಡಿದು, ಕೋಲು, ಅರಿವೆ ತೆಗೆದುಕೊಂಡು ಹೋದರು.

ಆ ಸಂಜೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಕುಟ್ಟಿದ ಶೇಂಗಾ ಚಟ್ನಿ, ಗಟ್ಟಿ ಮೊಸರು ಮಾಡಿಕೊಂಡು ಉಂಡೆವು. ಅಕ್ಕ ಎಡಗೈಯಿಂದಲೇ ಒಂದೂವರೆ ರೊಟ್ಟಿ ತಿಂದಳು, ಪಲ್ಯ ಎರಡು ಸಲ ಹಾಕಿಸಿಕೊಂಡಳು. ಮೊಸರು ಕಲಸಿ ಕೊಡುವಷ್ಟರಲ್ಲಿ ಕುಳಿತಲ್ಲೇ ತೂಕಡಿಸುತ್ತಿದ್ದಳು. ಹೆಂಡತಿ ಅವಳ ಬಾಯಿ ಒರೆಸಿದಳು. ಎಲ್ಲರಿಗಿಂತ ಮೊದಲು ಅಕ್ಕ ಮಲಗಿದಳು, ಇನ್ನೂ ಬೆಳಕಿರುವಾಗಲೇ.